ಬಿಸಿಗೂ ಬೆಲೆಯುಂಟು: ಚಳಿನಾಡಿನ ಹೈಬ್ರಿಡ್ ಕಾರು ಕಲಿಸುವ ಲೆಕ್ಕ

ವ್ಯಾಪಾರದಲ್ಲಿ ಪಳಗಿದವರಿಗೆ ಉಪೋತ್ಪನ್ನದ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಅಕ್ಕಿ ಗಿರಣಿಯ ತೌಡು, ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆ ಇವೆಲ್ಲ ಮುಖ್ಯ ಸರಕಿನ ಹಿಂದೆ ತಾವಾಗಿ ಬರುವ ವಸ್ತುಗಳು. ತೌಡಿನಿಂದ ಎಣ್ಣೆ ತೆಗೆಯುವ, ಸಿಪ್ಪೆಯನ್ನು ಉರಿಸಿ ವಿದ್ಯುತ್ ಉತ್ಪಾದಿಸುವ ವಿಧಾನಗಳು ಬಳಕೆಗೆ ಬಂದ ಮೇಲೆ ಅವಕ್ಕೂ ಪ್ರತ್ಯೇಕ ದರ, ಪ್ರತ್ಯೇಕ ಖಾತೆ ಹುಟ್ಟಿಕೊಂಡವು. ಇದಕ್ಕೆ ತದ್ವಿರುದ್ಧವಾದ ಸಂದರ್ಭವೂ ಒಂದುಂಟು. ಮುಖ್ಯ ಸರಕಿನ ತಯಾರಿಕೆ ಸುಧಾರಿಸಿ ಪೋಲಾಗುವುದು ಕಡಿಮೆಯಾದಾಗ, ಆ ಪೋಲನ್ನೇ ನಂಬಿಕೊಂಡಿದ್ದವನು ಅದುವರೆಗೆ ಪುಕ್ಕಟೆಯಾಗಿ ಪಡೆಯುತ್ತಿದ್ದುದನ್ನು ಹಣ ತೆತ್ತು ಕೊಳ್ಳಬೇಕಾಗುತ್ತದೆ. ಹಿಮ ಸುರಿಯುವ ದೇಶಗಳಲ್ಲಿ ಹೈಬ್ರಿಡ್ ಕಾರು ಓಡಿಸುವವರು ಪ್ರತಿ ಚಳಿಗಾಲದಲ್ಲಿ ಕಲಿಯುವ ಪಾಠ ಇದೇ ಆಗಿದೆ. ಕಾರಿನೊಳಗಿನ ಬಿಸಿ ಅವರ ಪಾಲಿಗೆ ಪುಕ್ಕಟೆಯಾಗಿ ಉಳಿದಿಲ್ಲ.

ಚಳಿಯನ್ನೇ ಅರಿಯದ ನಾಡಿನ ವರ್ತಕರಿಗೆ ಕಾರಿನ ಹೀಟರಿನ ಚರ್ಚೆ ಏಕೆಂಬ ಪ್ರಶ್ನೆ ಸಹಜ. ಆದರೆ ಇಂದು ಕರ್ನಾಟಕದ ಅನೇಕ ವರ್ತಕ ಕುಟುಂಬಗಳ ಮಕ್ಕಳು ಅಮೆರಿಕ, ಕೆನಡಾ ಮತ್ತು ಯುರೋಪಿನ ಶೀತಪ್ರದೇಶಗಳಲ್ಲಿ ನೆಲೆಸಿದ್ದಾರೆ. ಹೈಬ್ರಿಡ್ ಕಾರುಗಳು ಬೆಂಗಳೂರಿನ ಮಗ್ಗುಲಲ್ಲೇ ತಯಾರಾಗುತ್ತಿವೆ. ಎಲ್ಲಕ್ಕಿಂತ ಮುಖ್ಯವಾಗಿ, ದಕ್ಷತೆ ಹೆಚ್ಚಿದಷ್ಟೂ ಹಳೆಯ ಪುಕ್ಕಟೆ ಸೌಲಭ್ಯಗಳು ಹೊಸ ಖರ್ಚುಗಳಾಗುತ್ತವೆ ಎಂಬ ತತ್ತ್ವವು ಯಂತ್ರವಿರುವ ಪ್ರತಿಯೊಂದು ಅಂಗಳಕ್ಕೂ ಅನ್ವಯಿಸುತ್ತದೆ.

ಮೂರನೆಯ ಪಾತ್ರೆ

ಪೆಟ್ರೋಲ್ ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯೆಲ್ಲವೂ ಚಕ್ರಗಳನ್ನು ತಲುಪುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮೂರರಲ್ಲಿ ಒಂದು ಪಾಲು ಕೆಲಸಕ್ಕೆ ಬರುತ್ತದೆ, ಒಂದು ಪಾಲು ಹೊಗೆಯೊಡನೆ ಹೊರಬೀಳುತ್ತದೆ, ಇನ್ನೊಂದು ಪಾಲು ಎಂಜಿನ್ನಿನ ಸುತ್ತ ಹರಿಯುವ ಕೂಲೆಂಟ್ ದ್ರವಕ್ಕೆ ಸೇರುತ್ತದೆ. ನಗರದ ನಿಧಾನ ಸಂಚಾರದಲ್ಲಿ ಕೆಲಸಕ್ಕೆ ಬರುವ ಪಾಲು ಇನ್ನೂ ಕಡಿಮೆ. ಕಾರಿನ ಹೀಟರ್ ಎಂದರೆ ಈ ಕಾದ ದ್ರವವನ್ನು ಒಂದು ಪುಟ್ಟ ರೇಡಿಯೇಟರಿನೊಳಗೆ ಹರಿಸಿ, ಅದರ ಮೇಲೆ ಗಾಳಿ ಬೀಸಿ, ಆ ಬಿಸಿಗಾಳಿಯನ್ನು ಪ್ರಯಾಣಿಕರ ಕಡೆಗೆ ತಿರುಗಿಸುವ ಸರಳ ಏರ್ಪಾಡು. ಹೇಗಿದ್ದರೂ ಹೊರಗೆ ಚೆಲ್ಲಬೇಕಾಗಿದ್ದ ಶಾಖವನ್ನೇ ಅದು ಬಳಸಿಕೊಳ್ಳುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯನ್ನು ಬಲ್ಲವರಿಗೆ ಈ ಏರ್ಪಾಡು ಸುಲಭವಾಗಿ ಅರ್ಥವಾಗುತ್ತದೆ. ಆ ಒಲೆಯಲ್ಲಿ ಮೂರು ಪಾತ್ರೆಗಳನ್ನು ಇಡಬಹುದು. ಮೊದಲ ಪಾತ್ರೆಯ ತಳಕ್ಕೆ ನೇರ ಉರಿ ತಗಲುತ್ತದೆ. ಅದರಿಂದ ಉಳಿದ ಕಾವು ಎರಡನೆಯದನ್ನೂ ಮೂರನೆಯದನ್ನೂ ಮುಟ್ಟಿ ಹೊಗೆಗೊಳವೆಯ ಮೂಲಕ ಹೊರಹೋಗುತ್ತದೆ. ಮೂರನೆಯ ಪಾತ್ರೆಯ ನೀರು ಬಿಸಿಯಾಗಲು ಯಾರೂ ಬೇರೆ ಸೌದೆ ಒಟ್ಟುವುದಿಲ್ಲ. ಸಾಮಾನ್ಯ ಕಾರಿನ ಹೀಟರ್ ಆ ಮೂರನೆಯ ಪಾತ್ರೆಯಂತೆ.

ಹೈಬ್ರಿಡ್ ಕಾರು ಈ ಒಲೆಯನ್ನು ಪದೇ ಪದೇ ಆರಿಸುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ, ಇಳಿಜಾರಿನಲ್ಲಿ ಸಾಗುವಾಗ, ನಿಧಾನವಾಗಿ ಚಲಿಸುವಾಗ ಎಂಜಿನ್ ನಿಂತು ಬ್ಯಾಟರಿ ಮತ್ತು ಮೋಟಾರು ಕೆಲಸ ವಹಿಸಿಕೊಳ್ಳುತ್ತವೆ. ಅದರ ಉಳಿತಾಯದ ಒಂದು ಮುಖ್ಯ ಗುಟ್ಟೇ ಇದು. ಮೇಲಾಗಿ ಅನೇಕ ಹೈಬ್ರಿಡ್‌ಗಳಲ್ಲಿ ಬಳಸುವ ಅಟ್ಕಿನ್ಸನ್ ಮಾದರಿಯ ಎಂಜಿನ್ ಇಂಧನವನ್ನು ಹೆಚ್ಚು ದಕ್ಷವಾಗಿ ಬಳಸುವುದರಿಂದ ಪೋಲಾಗುವ ಶಾಖವೂ ಕಡಿಮೆ. ಬೇಸಿಗೆಯಲ್ಲಿ ಇದು ಗುಣ. ಹೊರಗೆ ಶೂನ್ಯಕ್ಕಿಂತ ಕೆಳಗಿನ ಚಳಿಯಿರುವಾಗ ಇದೇ ತೊಡಕು. ಕೂಲೆಂಟ್ ತಣ್ಣಗಾದೊಡನೆ ಹೀಟರಿಗೆ ಬಿಸಿ ಒದಗಿಸುವ ಸಲುವಾಗಿ ಎಂಜಿನ್ ಮತ್ತೆ ಹೊತ್ತಿಕೊಳ್ಳುತ್ತದೆ. ಕಾರು ನಿಂತಿದ್ದರೂ ಪೆಟ್ರೋಲ್ ಉರಿಯುತ್ತದೆ. ಮೊದಲ ಪಾತ್ರೆಯಲ್ಲಿ ಅನ್ನವಿಲ್ಲದಿದ್ದರೂ ಮೂರನೆಯ ಪಾತ್ರೆಗಾಗಿ ಸೌದೆ ಒಟ್ಟಿದಂತೆ ಇದು.

ಜಮಾ ಖರ್ಚಿನ ಲೆಕ್ಕ

ಅಮೆರಿಕದ ಇಂಧನ ಇಲಾಖೆ ವಾಹನ ಮಾಲೀಕರಿಗೆ ನೀಡಿರುವ ಮಾಹಿತಿಯ ಪ್ರಕಾರ, ನಗರದ ಓಡಾಟದಲ್ಲಿ ಸಾಮಾನ್ಯ ಪೆಟ್ರೋಲ್ ಕಾರಿನ ಮೈಲೇಜು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ ಶೂನ್ಯಕ್ಕಿಂತ ಸುಮಾರು 7 ಡಿಗ್ರಿ ಕೆಳಗಿನ ಚಳಿಯಲ್ಲಿ ಶೇಕಡಾ 15ರಷ್ಟು ಇಳಿಯುತ್ತದೆ. ಹೈಬ್ರಿಡ್ ಕಾರಿನಲ್ಲಿ ಈ ಇಳಿಕೆ ಶೇಕಡಾ 30ರಿಂದ 34ರಷ್ಟು. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜನವರಿಯ ಸರಾಸರಿ ಉಷ್ಣತೆಯೇ ಶೂನ್ಯಕ್ಕಿಂತ ಸುಮಾರು 9 ಡಿಗ್ರಿ ಕೆಳಗಿರುವುದನ್ನು ನೆನೆದರೆ, ಅಲ್ಲಿಯವರಿಗೆ ಇದು ಅಪರೂಪದ ದಿನದ ಮಾತಲ್ಲ, ಇಡೀ ಋತುವಿನ ಮಾತು ಎಂಬುದು ಸ್ಪಷ್ಟವಾಗುತ್ತದೆ.

ಈ ಇಳಿಕೆಗೆ ಹೀಟರ್ ಒಂದೇ ಕಾರಣವಲ್ಲ. ಚಳಿಯಲ್ಲಿ ಎಂಜಿನ್ ಎಣ್ಣೆ ಗಟ್ಟಿಯಾಗುತ್ತದೆ. ದಟ್ಟವಾದ ಗಾಳಿ ಹೆಚ್ಚು ತಡೆಯೊಡ್ಡುತ್ತದೆ. ಟೈರುಗಳ ಒತ್ತಡ ತಗ್ಗುತ್ತದೆ. ಬ್ಯಾಟರಿಯು ತಣ್ಣಗಿದ್ದಾಗ ಬ್ರೇಕ್ ಹಾಕುವುದರಿಂದ ದೊರೆಯುವ ವಿದ್ಯುತ್ತನ್ನು ಪೂರ್ತಿಯಾಗಿ ಒಳಗೆಳೆದುಕೊಳ್ಳಲಾರದು. ಹೊಗೆಯನ್ನು ಶುದ್ಧೀಕರಿಸುವ ಉಪಕರಣವೂ ಕಾದ ಬಳಿಕವೇ ಸರಿಯಾಗಿ ಕೆಲಸ ಮಾಡುವುದರಿಂದ, ಹೊರಟ ಮೊದಲ ಕೆಲವು ನಿಮಿಷ ಎಂಜಿನ್ ಓಡಲೇಬೇಕಾಗುತ್ತದೆ. ಇವುಗಳಲ್ಲಿ ಬಹುತೇಕ ಚಾಲಕನ ಕೈಯಲ್ಲಿಲ್ಲ. ಅವನ ಬೆರಳ ತುದಿಯಲ್ಲೇ ಇರುವ ಖರ್ಚೆಂದರೆ ಹೀಟರ್.

ಹಾಗೆಂದು ಹೈಬ್ರಿಡ್ ಕಾರು ಚಳಿಗೆ ಸಲ್ಲದೆಂದು ತೀರ್ಮಾನಿಸುವುದು ಆತುರದ ಮಾತಾದೀತು. ಲೀಟರಿಗೆ 20 ಕಿಲೋಮೀಟರ್ ಕೊಡುವ ಹೈಬ್ರಿಡ್ ಕಾರನ್ನೂ 12 ಕಿಲೋಮೀಟರ್ ಕೊಡುವ ಸಾಮಾನ್ಯ ಕಾರನ್ನೂ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೊದಲನೆಯದು ಶೇಕಡಾ 34ರಷ್ಟು ಇಳಿದರೆ 13.2 ಕಿಲೋಮೀಟರಿಗೆ ಬರುತ್ತದೆ. ಎರಡನೆಯದು ಶೇಕಡಾ 15ರಷ್ಟು ಇಳಿದರೆ 10.2ಕ್ಕೆ. ನೂರು ಕಿಲೋಮೀಟರಿಗೆ ಹೈಬ್ರಿಡ್ ಆಗ ಸುಮಾರು 7.6 ಲೀಟರ್ ಕುಡಿಯುತ್ತದೆ, ಸಾಮಾನ್ಯ ಕಾರು 9.8 ಲೀಟರ್. ಹೈಬ್ರಿಡ್ ಇನ್ನೂ ಮುಂದೆಯೇ ಇದೆ. ಆದರೆ ಬೆಚ್ಚಗಿನ ದಿನಗಳಲ್ಲಿ ಇವೆರಡರ ನಡುವಣ ಅಂತರ 3.3 ಲೀಟರ್ ಇದ್ದುದು ಚಳಿಯಲ್ಲಿ 2.2 ಲೀಟರಿಗೆ ಇಳಿಯಿತು. ಹೈಬ್ರಿಡ್ ಕಾರಿಗೆ ಹೆಚ್ಚು ಬೆಲೆ ಕೊಟ್ಟವನು ಆ ಹೆಚ್ಚಿನ ಹಣ ಎಷ್ಟು ವರ್ಷಗಳಲ್ಲಿ ಮರಳುವುದೆಂದು ಬೇಸಿಗೆಯ ಮೈಲೇಜಿನ ಮೇಲೆ ಲೆಕ್ಕ ಹಾಕಿದ್ದರೆ, ಆ ಲೆಕ್ಕ ತಪ್ಪುತ್ತದೆ. ನಷ್ಟವಾಗಲಿಲ್ಲ ನಿಜ, ಆದರೆ ಎಣಿಸಿದ ಲಾಭವೂ ಬರಲಿಲ್ಲ.

ತಯಾರಕರ ಪ್ರಯತ್ನಗಳು

ಕಾರು ತಯಾರಕರು ಈ ಕೊರತೆಯನ್ನು ಅರಿಯದೆ ಇರಲಿಲ್ಲ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಟೊಯೊಟಾ ಪ್ರಿಯಸ್ ಕಾರಿನ ಮುಂದಿನ ಪೀಳಿಗೆಗಳನ್ನು ಗಮನಿಸಿದರೆ ಶಾಖವನ್ನು ಉಳಿಸಿಕೊಳ್ಳುವ ಯತ್ನಗಳ ಸರಣಿಯೇ ಕಾಣುತ್ತದೆ. 2003ರಲ್ಲಿ ಬಂದ ಎರಡನೆಯ ಪೀಳಿಗೆಯ ಕಾರಿನಲ್ಲಿ, ಅಮೆರಿಕದ ಮಾರುಕಟ್ಟೆಗಾಗಿ, ಕಾದ ಕೂಲೆಂಟನ್ನು ತುಂಬಿಡುವ ಫ್ಲಾಸ್ಕಿನಂತಹ ತೊಟ್ಟಿಯೊಂದನ್ನು ಅಳವಡಿಸಲಾಯಿತು. ಕಾರು ನಿಲ್ಲಿಸಿದ ಮೇಲೂ ಬಿಸಿಯಾಗಿಯೇ ಉಳಿಯುತ್ತಿದ್ದ ಆ ದ್ರವವನ್ನು ಮರುದಿನ ಎಂಜಿನ್ನಿಗೆ ಹರಿಸಿ ಅದನ್ನು ಮುಂಚಿತವಾಗಿ ಕಾಯಿಸಲಾಗುತ್ತಿತ್ತು. 2009ರಲ್ಲಿ ಬಂದ ಮೂರನೆಯ ಪೀಳಿಗೆಯಲ್ಲಿ ಹೊರಹೋಗುವ ಹೊಗೆಯ ಶಾಖವನ್ನೇ ಹಿಡಿದು ಕೂಲೆಂಟಿಗೆ ಮರಳಿಸುವ ವ್ಯವಸ್ಥೆ ಬಂದಿತು. ಮುಂದೆ ಅಗತ್ಯವಿಲ್ಲದಾಗ ಮುಂಭಾಗದ ಗ್ರಿಲ್ಲನ್ನು ತಾನಾಗಿ ಮುಚ್ಚಿಕೊಳ್ಳುವ ಕದಗಳೂ ಬಂದವು. ಇವು ತಣ್ಣನೆಯ ಗಾಳಿ ಎಂಜಿನ್ನಿಗೆ ಬಡಿಯದಂತೆ ತಡೆಯುತ್ತವೆ.

ಮನೆಯ ಪ್ಲಗ್ಗಿನಿಂದ ಚಾರ್ಜ್ ಮಾಡಬಹುದಾದ ಹೈಬ್ರಿಡ್‌ಗಳಲ್ಲಿ ಈ ವಿಚಾರ ಇನ್ನೂ ತೀಕ್ಷ್ಣವಾಯಿತು. 2012ರಲ್ಲಿ ಮಾರುಕಟ್ಟೆಗೆ ಬಂದ ಪ್ಲಗ್-ಇನ್ ಪ್ರಿಯಸ್ ಬ್ಯಾಟರಿಯಲ್ಲಿ ಚಾರ್ಜ್ ಇದ್ದಾಗಲೂ ಹೀಟರ್ ಹಾಕಿದರೆ ಎಂಜಿನ್ ಓಡಿಸುತ್ತಿತ್ತು. ಪೆಟ್ರೋಲ್ ಉರಿಸಬಾರದೆಂದೇ ಹೆಚ್ಚು ಬೆಲೆ ಕೊಟ್ಟು ಕೊಂಡವರಿಗೆ ಇದು ಅಸಮಾಧಾನ ತರುವಂತಹುದೇ. 2016ರಲ್ಲಿ ಬಂದ ಅದರ ಮುಂದಿನ ಮಾದರಿಯಲ್ಲಿ ಹೀಟ್ ಪಂಪ್ ಅಳವಡಿಸಲಾಯಿತು. ಏರ್ ಕಂಡೀಷನರನ್ನು ತಿರುವುಮುರುವಾಗಿ ಬಳಸಿ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಗೆಳೆದುಕೊಳ್ಳುವ ಉಪಕರಣ ಅದು. ಒಂದು ಯೂನಿಟ್ ವಿದ್ಯುತ್ತಿನಿಂದ ಒಂದಕ್ಕಿಂತ ಹೆಚ್ಚು ಯೂನಿಟ್ ಶಾಖ ದೊರಕಿಸುವುದು ಅದರ ಹೆಗ್ಗಳಿಕೆ. ಆದರೆ ಚಳಿ ಹೆಚ್ಚಿದಂತೆ ಅದರ ಲಾಭವೂ ಕುಗ್ಗುತ್ತದೆ. ತೀರ ಕಡುಚಳಿಯಲ್ಲಿ ಎಂಜಿನ್ನೇ ಗತಿ.

ಇಷ್ಟೆಲ್ಲ ಆದ ಮೇಲೂ ಮೂಲ ಸಮಸ್ಯೆ ಹಾಗೆಯೇ ಉಳಿದಿದೆ. ಯಂತ್ರ ಎಷ್ಟೇ ಸುಧಾರಿಸಿದರೂ ಇಡೀ ಕಾರಿನೊಳಗಿನ ಗಾಳಿಯನ್ನು ಕಾಯಿಸಿ, ಅದು ಗಾಜು ಮತ್ತು ತಗಡಿನ ಮೂಲಕ ಹೊರಗೆ ಸೋರಿಹೋಗುವುದನ್ನು ನೋಡುತ್ತಾ, ಮತ್ತೆ ಕಾಯಿಸುತ್ತಾ ಹೋಗುವುದು ದುಬಾರಿ ಕೆಲಸವೇ. ಆದುದರಿಂದ ಪರಿಹಾರದ ದೊಡ್ಡ ಪಾಲು ತಯಾರಕನ ಬಳಿಗಿಂತ ಬಳಕೆದಾರನ ಬಳಿಯೇ ಇದೆ.

ಗಾಳಿಗಲ್ಲ, ಮೈಗೆ ಬಿಸಿ

ಕಡುಚಳಿಯಲ್ಲಿ ಕಾರಿನೊಳಗನ್ನು ಬೆಚ್ಚಗಿಡಲು ಸುಮಾರು 4 ಕಿಲೋವಾಟ್ ಶಾಖ ಬೇಕೆಂದಿಟ್ಟುಕೊಂಡರೆ ಗಂಟೆಗೆ 4 ಯೂನಿಟ್ ಖರ್ಚು. ಒಂದು ಲೀಟರ್ ಪೆಟ್ರೋಲಿನಲ್ಲಿ ಇರುವುದು ಸುಮಾರು 9 ಯೂನಿಟ್ ಶಕ್ತಿ. ಅದರಲ್ಲಿ ಮೂರನೆಯ ಒಂದು ಪಾಲು ಕೂಲೆಂಟಿಗೆ ಸೇರುವುದಾದರೆ ಹೀಟರಿಗೆ ಸಿಗುವುದು 3 ಯೂನಿಟ್. ನಿಂತ ಕಾರಿನಲ್ಲಿ ಕೇವಲ ಬಿಸಿಗಾಗಿ ಎಂಜಿನ್ ಓಡಿಸಿದರೆ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಪೆಟ್ರೋಲ್ ಹೋಗುತ್ತದೆಂದು ಈ ಸ್ಥೂಲ ಲೆಕ್ಕ ತೋರಿಸುತ್ತದೆ. ಇದಕ್ಕೆ ಪ್ರತಿಯಾಗಿ ಆಸನದೊಳಗೆ ಹುದುಗಿಸಿದ ವಿದ್ಯುತ್ ತಂತಿಯು ಬೆನ್ನನ್ನೂ ತೊಡೆಯನ್ನೂ ಬೆಚ್ಚಗಿಡಲು 50ರಿಂದ 100 ವಾಟ್ ಸಾಕು. ಒಬ್ಬನೇ ಸಾಗುವ ಚಾಲಕನಿಗೆ 4000 ವಾಟ್ ಎಲ್ಲಿ, 75 ವಾಟ್ ಎಲ್ಲಿ! ಐವತ್ತು ಪಟ್ಟಿಗೂ ಮಿಗಿಲಾದ ಈ ಅಂತರ ಲೆಕ್ಕ ಬಲ್ಲ ಯಾವ ವರ್ತಕನ ಕಣ್ಣಿಗೂ ಬೀಳದೆ ಹೋಗದು.

ಹಿರಿಯರು ಚಳಿಗೆ ಇಡೀ ಮನೆಯನ್ನು ಕಾಯಿಸುತ್ತಿರಲಿಲ್ಲ, ಕಂಬಳಿ ಹೊದೆಯುತ್ತಿದ್ದರು. ಹೈಬ್ರಿಡ್ ಕಾರಿಗೂ ಅದೇ ನ್ಯಾಯ. ಆಸನದ ಹೀಟರ್, ಸ್ಟೀರಿಂಗ್ ಚಕ್ರದ ಹೀಟರ್, ಒಳ್ಳೆಯ ಕೈಗವಸು ಮತ್ತು ಉಣ್ಣೆಯ ಉಡುಪು ಮೊದಲು. ಅದು ಸಾಲದಿದ್ದಾಗ ಗಾಳಿಯ ಹೀಟರ್. ಹೀಟರಿನ ಉಷ್ಣತೆಯನ್ನು ಎರಡು ಮೂರು ಡಿಗ್ರಿ ತಗ್ಗಿಸಿದರೆ ಎಂಜಿನ್ ನಿಲ್ಲುವ ಅವಧಿ ಹೆಚ್ಚುತ್ತದೆ. ಅನೇಕ ಕಾರುಗಳಲ್ಲಿರುವ ಇಕೋ ಗುಂಡಿ ಒತ್ತಿದರೂ ಹೀಟರಿನ ಬೇಡಿಕೆ ಮಿತಗೊಳ್ಳುತ್ತದೆ.

ಸಮಯದ ಅರಿವೂ ಮುಖ್ಯ. ಹೆದ್ದಾರಿಯಲ್ಲಿ ವೇಗವಾಗಿ ಸಾಗುವಾಗ ಎಂಜಿನ್ ಹೇಗಿದ್ದರೂ ಓಡುತ್ತಿರುತ್ತದೆ. ಆಗ ದೊರೆಯುವ ಬಿಸಿ ಮತ್ತೆ ಹಳೆಯಂತೆ ಉಪೋತ್ಪನ್ನವೇ. ಅದನ್ನು ಧಾರಾಳವಾಗಿ ಬಳಸಬಹುದು. ನಗರದೊಳಗೆ ಬಂದು ಸಿಗ್ನಲ್ಲುಗಳಲ್ಲಿ ನಿಂತು ನಿಂತು ಸಾಗುವಾಗ ಹೀಟರನ್ನು ತಗ್ಗಿಸಿ ಆಸನದ ಬಿಸಿಯನ್ನು ನೆಚ್ಚಿಕೊಳ್ಳುವುದು ಜಾಣತನ. ಬೆಲೆ ಇಳಿದಾಗ ಕೊಂಡು ಏರಿದಾಗ ಕೈ ಬಿಗಿಹಿಡಿಯುವ ಮಂಡಿಯ ರೀತಿಯೇ ಇದು. ಹೊರಟ ಮೊದಲ ಕೆಲವು ನಿಮಿಷ ಎಂಜಿನ್ನೇ ತಣ್ಣಗಿರುವುದರಿಂದ ಆಗ ಗಾಳಿ ಬೀಸಿದರೆ ಬರುವುದು ತಂಗಾಳಿಯೇ. ಗಾಜು ಶುಭ್ರವಾಗಿದ್ದರೆ ಆ ಅವಧಿಯಲ್ಲಿ ಹೀಟರನ್ನು ತಡೆದು, ಎಂಜಿನ್ ಬೇಗ ಕಾಯಲು ಬಿಡುವುದು ಲೇಸು.

ಕೆಲಸಗಳನ್ನು ಒಗ್ಗೂಡಿಸುವುದರಿಂದಲೂ ಲಾಭವಿದೆ. ಬೆಳಿಗ್ಗೆ ಬ್ಯಾಂಕಿಗೆ, ಮಧ್ಯಾಹ್ನ ಅಂಗಡಿಗೆ, ಸಂಜೆ ಶಾಲೆಗೆ ಎಂದು ಮೂರು ಬಾರಿ ತಣ್ಣನೆಯ ಎಂಜಿನ್ ಹೊತ್ತಿಸುವುದಕ್ಕಿಂತ ಸಾಧ್ಯವಿದ್ದಷ್ಟನ್ನು ಒಂದೇ ಸುತ್ತಿನಲ್ಲಿ ಮುಗಿಸಿದರೆ ಎಂಜಿನ್ ಒಮ್ಮೆ ಮಾತ್ರ ಕಾಯಬೇಕಾಗುತ್ತದೆ. ಕಾರನ್ನು ಬಯಲಿನಲ್ಲಿ ಬಿಡದೆ ಗ್ಯಾರೇಜಿನೊಳಗೆ ನಿಲ್ಲಿಸುವುದೂ ಉಪಯುಕ್ತ. ನಿಂತಲ್ಲೇ ಅರ್ಧ ಗಂಟೆ ಎಂಜಿನ್ ಓಡಿಸಿ ಕಾಯಿಸುವ ಹಳೆಯ ರೂಢಿಗೆ ಇಂದಿನ ಎಂಜಿನ್ನುಗಳಲ್ಲಿ ಅರ್ಥವಿಲ್ಲ. ಕೆಲವು ಕ್ಷಣಗಳ ಬಳಿಕ ನಿಧಾನವಾಗಿ ಹೊರಟರೆ ಎಂಜಿನ್ ಬೇಗನೆ ಕಾಯುತ್ತದೆ. ಜರ್ಮನಿಯಲ್ಲಂತೂ ಅನಗತ್ಯವಾಗಿ ಎಂಜಿನ್ ಓಡಿಸುವುದು ರಸ್ತೆ ಸಂಚಾರ ನಿಯಮಗಳ ಪ್ರಕಾರ ನಿಷಿದ್ಧ.

ಕೆನಡಾ ಮತ್ತು ಅಲಾಸ್ಕಾದ ಕಡುಚಳಿಯ ಊರುಗಳಲ್ಲಿ ವಾಹನ ನಿಲುಗಡೆಯ ಜಾಗಗಳಲ್ಲೇ ವಿದ್ಯುತ್ ಪ್ಲಗ್ಗುಗಳನ್ನು ಕಾಣಬಹುದು. ಎಂಜಿನ್ನಿಗೆ ಅಳವಡಿಸಿದ ಚಿಕ್ಕ ವಿದ್ಯುತ್ ಹೀಟರಿಗೆ ಅಲ್ಲಿಂದ ವಿದ್ಯುತ್ ಕೊಟ್ಟು, ಹೊರಡುವ ಮುನ್ನವೇ ಎಂಜಿನ್ ಕಾಯಿಸುವ ಏರ್ಪಾಡು ಇದು. ಹೊರಡುವ ಎರಡು ಗಂಟೆ ಮೊದಲು ಟೈಮರ್ ಮೂಲಕ ಹಾಕಿದರೆ ಸಾಕು. ಅರ್ಧ ಕಿಲೋವಾಟಿನ ಹೀಟರಾದರೆ ಎರಡು ಗಂಟೆಗೆ ಒಂದು ಯೂನಿಟ್ ವಿದ್ಯುತ್ ಮಾತ್ರ. ರಾತ್ರಿಯಿಡೀ ಹಾಕಿಟ್ಟರೆ ಉಳಿತಾಯವೆಲ್ಲ ಮೀಟರಿನಲ್ಲಿ ಕರಗಿಹೋಗುತ್ತದೆ. ಪ್ಲಗ್-ಇನ್ ಕಾರುಗಳಲ್ಲಿ ಚಾರ್ಜರ್ ಸಿಕ್ಕಿಸಿರುವಾಗಲೇ ಒಳಗನ್ನು ಬೆಚ್ಚಗೆ ಮಾಡಿಕೊಂಡು ಹೊರಟರೆ ಬ್ಯಾಟರಿಯ ಶಕ್ತಿ ಪ್ರಯಾಣಕ್ಕೇ ಉಳಿಯುತ್ತದೆ.

ಟೈರಿನ ಗಾಳಿಯನ್ನೂ ಮರೆಯುವಂತಿಲ್ಲ. ಉಷ್ಣತೆ ಸುಮಾರು 5ರಿಂದ 6 ಡಿಗ್ರಿ ಇಳಿದಾಗಲೆಲ್ಲ ಟೈರಿನ ಒತ್ತಡ ಸುಮಾರು 1 ಪಿ.ಎಸ್.ಐ. ತಗ್ಗುತ್ತದೆ. ಶರತ್ಕಾಲದಲ್ಲಿ ಸರಿಯಾಗಿ ತುಂಬಿಸಿದ ಗಾಳಿ ಜನವರಿಯ ವೇಳೆಗೆ ಸಾಲದಾಗಿರುತ್ತದೆ.

ಕೆಲವರು ಗ್ರಿಲ್ಲಿನ ಸಂದುಗಳಿಗೆ ಫೋಮ್ ತುರುಕಿ ತಣ್ಣನೆಯ ಗಾಳಿಯನ್ನು ತಡೆಯುವುದುಂಟು. ಕಡುಚಳಿಯಲ್ಲಿ ಇದು ಫಲಕಾರಿಯಾದರೂ ಬಿಸಿಲು ಏರಿದಾಗ ತೆಗೆಯಲು ಮರೆತರೆ ಎಂಜಿನ್ ಅತಿಯಾಗಿ ಕಾಯುವ ಅಪಾಯವಿದೆ. ತಯಾರಕರೇ ಕೊಟ್ಟ ಕದಗಳಿರುವ ಕಾರಿಗೆ ಇದರ ಅಗತ್ಯವೂ ಇಲ್ಲ.

ಉಳಿತಾಯದ ಎಲ್ಲೆ

ಮಿತವ್ಯಯಕ್ಕೂ ಒಂದು ಮಿತಿಯಿದೆ. ಗಡಗಡ ನಡುಗುವ ಚಾಲಕ ಒಳ್ಳೆಯ ಚಾಲಕನಾಗಲಾರ. ಮುಂದಿನ ಗಾಜಿನ ಮೇಲೆ ಮಂಜು ಕಟ್ಟಿದಾಗ ಪೆಟ್ರೋಲಿನ ಲೆಕ್ಕ ನೋಡುತ್ತಾ ಕೂಡುವುದು ಅವಿವೇಕ; ಗಾಜು ತಿಳಿಯಾಗಿಸುವ ಡಿಫ್ರಾಸ್ಟರಿಗೆ ಎಂದಿಗೂ ಮೊದಲ ಹಕ್ಕು. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಬಿಸಿಯನ್ನು ಉಳಿಸುತ್ತದೆಯಾದರೂ ಉಸಿರಿನ ತೇವ ಗಾಜಿನ ಮೇಲೆ ಕೂರುವಂತೆ ಮಾಡುತ್ತದೆ. ಮಂಜು ಕಂಡೊಡನೆ ಹೊರಗಿನ ಗಾಳಿಗೆ ಬದಲಿಸಬೇಕು. ಮಕ್ಕಳ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ದಪ್ಪನೆಯ ಜಾಕೆಟ್ ತೊಡಿಸಿ ಮಗುವಿನ ಆಸನದ ಬೆಲ್ಟ್ ಬಿಗಿದರೆ ಅಪಘಾತದ ಸಮಯದಲ್ಲಿ ಜಾಕೆಟ್ ಅದುಮಿಕೊಂಡು ಬೆಲ್ಟ್ ಸಡಿಲವಾಗುತ್ತದೆ. ತೆಳುವಾದ ಉಡುಪಿನಲ್ಲಿ ಬೆಲ್ಟ್ ಬಿಗಿದು, ಅದರ ಮೇಲೆ ಹೊದಿಕೆ ಹೊದಿಸುವುದು ಸರಿಯಾದ ಕ್ರಮ. ಹಸುಳೆಗಳೂ ವೃದ್ಧರೂ ಇರುವ ಕಾರಿನಲ್ಲಿ ಹೀಟರ್ ಹಾಕುವುದು ಪೋಲಲ್ಲ.

ಇನ್ನೂ ಗಂಭೀರವಾದ ಅಪಾಯವೊಂದಿದೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಗಿರಿಧಾಮ ಮುರ್ರಿಯಲ್ಲಿ ಭಾರಿ ಹಿಮಪಾತಕ್ಕೆ ಸಿಲುಕಿ ಪ್ರವಾಸಿಗರ ವಾಹನಗಳು ರಸ್ತೆಯಲ್ಲೇ ಹೂತುಹೋದವು. 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಬಿಸಿಗಾಗಿ ಎಂಜಿನ್ ಓಡಿಸಿದ ಕಾರುಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡದ್ದೂ ಸಾವಿಗೆ ಕಾರಣವೆಂದು ವರದಿಯಾಯಿತು. ಅದೇ ತಿಂಗಳ ಆರಂಭದಲ್ಲಿ ಅಮೆರಿಕದ ವರ್ಜೀನಿಯ ರಾಜ್ಯದ ಹೆದ್ದಾರಿಯಲ್ಲಿ ಸಾವಿರಾರು ಜನ ಹಿಮದಲ್ಲಿ ರಾತ್ರಿಯಿಡೀ ಸಿಲುಕಿದರು. ಸೆನೆಟರ್ ಟಿಮ್ ಕೇನ್ ಅವರ ಪ್ರಯಾಣವೇ ಸುಮಾರು 27 ಗಂಟೆ ಹಿಡಿಯಿತು. ಇಂತಹ ಸಂದರ್ಭದಲ್ಲಿ ಹೈಬ್ರಿಡ್ ಕಾರಿಗೆ ಒಂದು ಅನುಕೂಲವಿದೆ. ಅದರ ಎಂಜಿನ್ ಬೇಕಾದಾಗ ಮಾತ್ರ ಓಡಿ ನಿಲ್ಲುವುದರಿಂದ, ಆಸನದ ಬಿಸಿಯನ್ನು ನೆಚ್ಚಿಕೊಂಡರೆ ಟ್ಯಾಂಕಿನಲ್ಲಿರುವ ಪೆಟ್ರೋಲ್ ಹೆಚ್ಚು ಹೊತ್ತು ಬಾಳುತ್ತದೆ.

ಅದೇ ಗುಣದಲ್ಲಿ ಅಪಾಯವೂ ಅಡಗಿದೆ. ಸದ್ದಿಲ್ಲದೆ ನಿಂತಿರುವ ಹೈಬ್ರಿಡ್ ಕಾರು ಆರಿದೆಯೆಂದು ಭ್ರಮಿಸುವುದು ಸುಲಭ. ವ್ಯವಸ್ಥೆ ಚಾಲೂ ಇದ್ದರೆ ಎಂಜಿನ್ ಯಾವ ಕ್ಷಣದಲ್ಲಾದರೂ ತಾನಾಗಿ ಹೊತ್ತಿಕೊಳ್ಳಬಹುದು. ಹಿಮದಲ್ಲಿ ಸಿಲುಕಿದಾಗ ಹೊಗೆಗೊಳವೆಯ ಬಾಯಿಯನ್ನು ಆಗಾಗ ಬಿಡಿಸುತ್ತಿರಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಕಾರನ್ನು ಚಾಲೂ ಬಿಟ್ಟು ಮನೆಯೊಳಗೆ ಹೋಗಲೇಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಗ ಅಥವಾ ಮಗಳ ಮನೆಗೆಂದು ಚಳಿನಾಡಿಗೆ ತೆರಳುವ ಹಿರಿಯರಿಗೂ ಈ ಒಂದು ಮಾತನ್ನು ಹೊರಡುವ ಮುನ್ನವೇ ತಿಳಿಸಿಡುವುದು ಒಳಿತು. ಚಳಿಗಾಲದಲ್ಲಿ ಕಂಬಳಿ, ಸಲಿಕೆ, ನೀರು, ತಿನಿಸು ಇವು ಕಾರಿನಲ್ಲಿ ಇರಲೇಬೇಕಾದ ಸಾಮಾನುಗಳು. ಟ್ಯಾಂಕನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡದಿರುವುದು ಅಲ್ಲಿಯ ಅನುಭವಿಗಳ ರೂಢಿ.

ಮಾರಾಟಗಾರರ ಹೊಣೆ

ಬಳಕೆದಾರ ತನ್ನ ಪಾಲಿನ ಜಾಣತನ ತೋರಬೇಕೆಂಬುದು ಸರಿ. ಆದರೆ ಮಾರುವವನ ಹೊಣೆ ಅದರಿಂದ ಇಳಿಯುವುದಿಲ್ಲ. ಅಮೆರಿಕದಲ್ಲಿ 2008ರ ಮಾದರಿಗಳಿಂದ ಮೈಲೇಜು ನಿರ್ಧರಿಸುವಾಗ ಶೂನ್ಯಕ್ಕಿಂತ ಸುಮಾರು 7 ಡಿಗ್ರಿ ಕೆಳಗಿನ ಚಳಿಯ ಪರೀಕ್ಷೆಯನ್ನೂ ಪರಿಗಣಿಸುವ ಕ್ರಮ ಜಾರಿಗೆ ಬಂದಿತು. ಇದು ಸ್ವಾಗತಾರ್ಹ ಹೆಜ್ಜೆ. ಆದರೆ ಆ ಫಲಿತಾಂಶ ಉಳಿದ ಪರೀಕ್ಷೆಗಳೊಡನೆ ಬೆರೆತುಹೋಗುವುದರಿಂದ, ಕಾರಿನ ಗಾಜಿಗೆ ಅಂಟಿಸಿದ ಚೀಟಿಯಲ್ಲಿ ಚಳಿಗಾಲದ ಮೈಲೇಜು ಬೇರೆಯಾಗಿ ಕಾಣುವುದಿಲ್ಲ. ಜನವರಿಯಲ್ಲಿ ಮೈಲೇಜು ಮೂರನೆಯ ಒಂದು ಪಾಲು ಇಳಿದಾಗ ಗ್ರಾಹಕನು ಕಾರು ಕೆಟ್ಟಿದೆಯೆಂದು ವರ್ಕ್‌ಶಾಪಿಗೆ ಓಡುತ್ತಾನೆ. ಕೊಳ್ಳುವ ಮುನ್ನವೇ ನಾಲ್ಕು ಮಾತು ಹೇಳಿದ್ದರೆ ಆ ಓಡಾಟವೂ ತಪ್ಪುತ್ತಿತ್ತು, ಅಪನಂಬಿಕೆಯೂ ಹುಟ್ಟುತ್ತಿರಲಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ವರ್ತಕರಿಗೆ ಹೊಸದಲ್ಲ. ಬೇಸಿಗೆಯ ಅಂಕಿಯೊಂದನ್ನೇ ಮುಂದೊಡ್ಡಿ ಮಾರಿದ ಒಳ್ಳೆಯ ಸರಕೂ ಕೆಟ್ಟ ಹೆಸರು ಹೊತ್ತುಕೊಳ್ಳುತ್ತದೆ. ಬೆಚ್ಚಗಿನ ದಿನದ ಮೈಲೇಜು, ಚಳಿದಿನದ ಮೈಲೇಜು ಎಂದು ಎರಡು ಅಂಕಿಗಳನ್ನು ಒತ್ತೊತ್ತಿಗೆ ಮುದ್ರಿಸಲು ಹೆಚ್ಚಿನ ಖರ್ಚೇನೂ ಇಲ್ಲ. ಆಸನದ ಹೀಟರನ್ನು ದುಬಾರಿ ಮಾದರಿಗಳಿಗೆ ಮಾತ್ರ ಮೀಸಲಿಟ್ಟು ಶೋಕಿಯ ವಸ್ತುವನ್ನಾಗಿಸುವ ಪದ್ಧತಿಯೂ ಬದಲಾಗಬೇಕು. ಚಳಿನಾಡಿನ ಹೈಬ್ರಿಡ್ ಕಾರಿನಲ್ಲಿ ಅದು ಶೋಕಿಯಲ್ಲ, ಇಂಧನ ಉಳಿಸುವ ಉಪಕರಣ.

ಕರ್ನಾಟಕಕ್ಕೆ ಇದರ ಪ್ರಸ್ತುತತೆ

ಬಿಡದಿಯಲ್ಲಿ 2013ರಿಂದ ಹೈಬ್ರಿಡ್ ಕ್ಯಾಮ್ರಿ ಕಾರಿನ ಜೋಡಣೆ ಆರಂಭವಾಯಿತು. 2022ರಲ್ಲಿ ಹೈರೈಡರ್ ಮತ್ತು ಇನ್ನೋವಾ ಹೈಕ್ರಾಸ್ ಮಾದರಿಗಳು ಅಲ್ಲಿಂದ ಬಂದವು. ಈ ವಾಹನಗಳಿಗೆ ಗ್ರಾಹಕರು ಬೆಂಗಳೂರಿನಲ್ಲಷ್ಟೇ ಅಲ್ಲ, ಚಳಿಗಾಲದ ರಾತ್ರಿಗಳಲ್ಲಿ ಉಷ್ಣತೆ ಶೂನ್ಯಕ್ಕಿಂತ ಕೆಳಗಿಳಿಯುವ ಹಿಮಾಲಯದ ತಪ್ಪಲಿನಲ್ಲೂ ಇದ್ದಾರೆ. ಅಲ್ಲಿಯ ಕೊಳ್ಳುಗರಿಗೆ ಮೇಲಿನ ಲೆಕ್ಕವೆಲ್ಲ ನೇರವಾಗಿ ಅನ್ವಯಿಸುತ್ತದೆ. ದಕ್ಷಿಣದ ಬಿಸಿಲಿಗೂ ಇದೇ ನ್ಯಾಯವನ್ನು ತಿರುಗಿಸಿ ಹೇಳಬಹುದು: ಕಲಬುರಗಿ, ರಾಯಚೂರುಗಳ ಏಪ್ರಿಲ್ ತಿಂಗಳಲ್ಲಿ ಇಡೀ ಕಾರನ್ನು ತಂಪುಗೊಳಿಸುವುದಕ್ಕಿಂತ ಆಸನದ ಮೂಲಕ ಬೆನ್ನಿಗೆ ಗಾಳಿ ಹಾಯಿಸುವುದು ಅಗ್ಗ.

ಸಣ್ಣ ಉದ್ಯಮಿಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಶಾಖವನ್ನು ಹಿಡಿದಿಡುವ ಕೆಲಸವೆಲ್ಲ ನಡೆಯುವುದು ಸಣ್ಣ ಸಣ್ಣ ಬಿಡಿಭಾಗಗಳಿಂದಲೇ. ಆಸನದ ತಾಪಕ ತಂತಿ, ಥರ್ಮೋಸ್ಟಾಟ್, ರಬ್ಬರಿನ ಹೋಸ್ ಪೈಪು, ಶಾಖ ನಿರೋಧಕ ಹೊದಿಕೆ, ಗ್ರಿಲ್ಲಿನ ಕದ ಮತ್ತು ಅದರ ಪುಟ್ಟ ಮೋಟಾರು, ವೈರಿಂಗ್ ಹಾರ್ನೆಸ್ ಮುಂತಾದವು ದೊಡ್ಡ ಬಂಡವಾಳಕ್ಕಿಂತ ನಿಖರತೆಯನ್ನು ಬೇಡುವ ಸರಕುಗಳು. ಎಂಜಿನ್ ಭಾಗಗಳ ಬೇಡಿಕೆ ಮುಂದೆ ಹೇಗಿರುವುದೋ ಎಂದು ಚಿಂತಿಸುವ ಘಟಕಗಳು ಈ ದಿಕ್ಕಿನತ್ತ ದೃಷ್ಟಿ ಹಾಯಿಸುವುದು ಯೋಗ್ಯ. ಹೈಬ್ರಿಡ್ ಇರಲಿ, ಪೂರ್ಣ ವಿದ್ಯುತ್ ಕಾರೇ ಇರಲಿ, ಪುಕ್ಕಟೆ ಶಾಖ ಕಡಿಮೆಯಾದಷ್ಟೂ ಶಾಖವನ್ನು ಜತನ ಮಾಡುವ ಬಿಡಿಭಾಗಗಳಿಗೆ ಬೆಲೆ ಬರುತ್ತದೆ.

ಕೊನೆಯದಾಗಿ, ಈ ಪಾಠ ಕಾರಿಗಷ್ಟೇ ಸೀಮಿತವಲ್ಲ. ಕುಲುಮೆಯ ಬಾಯಿಂದ, ಬಾಯ್ಲರಿನ ಚಿಮಣಿಯಿಂದ, ಕಂಪ್ರೆಸರಿನ ಮೈಯಿಂದ ಪ್ರತಿದಿನ ಹೊರಬೀಳುವ ಶಾಖಕ್ಕೆ ಎಷ್ಟು ಕಾರ್ಖಾನೆಗಳ ಪುಸ್ತಕದಲ್ಲಿ ಒಂದು ಸಾಲಿನ ಲೆಕ್ಕವಿದೆ? ಇಂಧನದ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ. ಹಿಮದ ನಾಡಿನ ಹೈಬ್ರಿಡ್ ಕಾರಿನ ಒಡೆಯನು ಹೀಟರಿನ ಗುಂಡಿ ತಿರುಗಿಸುವಾಗಲೆಲ್ಲ ತನಗೆ ಬೇಕಾದುದು ಕಾದ ಗಾಳಿಯೋ ಬೆಚ್ಚಗಿನ ಮೈಯೋ ಎಂದು ಕೇಳಿಕೊಳ್ಳುವುದನ್ನು ಕಲಿತಿದ್ದಾನೆ. ತಾನು ನಿಜವಾಗಿ ಬಯಸುವುದು ಏನು, ಅದಕ್ಕಾಗಿ ತೆರುತ್ತಿರುವುದು ಎಷ್ಟು ಎಂಬ ಈ ಎರಡು ಪ್ರಶ್ನೆಗಳನ್ನು ಪ್ರತಿಯೊಬ್ಬ ಉದ್ಯಮಿಯೂ ತನ್ನ ಕಾರ್ಖಾನೆಯ ಅಂಗಳದಲ್ಲಿ ನಿಂತು ಕೇಳಿಕೊಂಡರೆ, ಚಳಿಯಿಲ್ಲದ ನಾಡಿನಲ್ಲೂ ಅದರಿಂದ ಉಳಿತಾಯವಾದೀತು.